ಬಸುರಿಯ ಪಾಲು ಬಸುರಿಗೇ ಸೇರಬೇಕಾದರೆ

ಅಂಗನವಾಡಿಯಲ್ಲಿ ಅಡುಗೆ ಮಾಡುವುದು ಅಂಥ ಕಷ್ಟದ ಕೆಲಸವಲ್ಲ. ಅಕ್ಕಿ, ಬೇಳೆ, ಎಣ್ಣೆ ಬರುತ್ತವೆ. ನಮ್ಮ ಸಹಾಯಕಿಯ ಕೈರುಚಿಗೂ ಕೊರತೆಯಿಲ್ಲ. ಕಷ್ಟವಿರುವುದು ಬಸುರಿ ಹೆಂಗಸನ್ನು ಮಧ್ಯಾಹ್ನ ಮನೆಯಿಂದಲೋ ಹೊಲದಿಂದಲೋ ಎಬ್ಬಿಸಿ ತಂದು, ಚಾಪೆಯ ಮೇಲೆ ಕೂರಿಸಿ, ಅವಳ ಪಾಲನ್ನು ಅವಳೇ ಉಣ್ಣುವಂತೆ ಮಾಡುವುದರಲ್ಲಿ. ನಾನು ರಾಯಚೂರು ಜಿಲ್ಲೆಯ ಹತ್ತಿ ಬೆಳೆಯುವ ಊರೊಂದರಲ್ಲಿ ಕಾರ್ಯಕರ್ತೆ. ಉಳಿದ ಕೆಲಸಗಳ ಬಗ್ಗೆ ಬರೆಯಲು ಬೇರೆಯವರಿದ್ದಾರೆ; ನಾನು ಈ ಒಂದು ತಟ್ಟೆಯ ವಿಷಯವನ್ನಷ್ಟೇ ಬರೆಯುತ್ತೇನೆ.

ಮಾತೃಪೂರ್ಣ ಯೋಜನೆ ರಾಜ್ಯದ ಎಲ್ಲೆಡೆ ಶುರುವಾದದ್ದು 2017ರ ಅಕ್ಟೋಬರ್ 2ರಂದು. ಅದಕ್ಕೂ ಮೊದಲು ಬಸುರಿ, ಬಾಣಂತಿಯರಿಗೆ ಆಹಾರ ಸಾಮಗ್ರಿಯನ್ನು ಮನೆಗೆ ಕೊಟ್ಟು ಕಳುಹಿಸುತ್ತಿದ್ದೆವು. ಹೊಸ ಯೋಜನೆಯಲ್ಲಿ ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿಯೇ ಬಿಸಿಯೂಟ: ಅನ್ನ, ತರಕಾರಿ ಹಾಕಿದ ಸಾಂಬಾರು, ಪಲ್ಯ, ಬೇಯಿಸಿದ ಮೊಟ್ಟೆ, 200 ಮಿ.ಲೀ. ಹಾಲು, ಶೇಂಗಾ ಚಿಕ್ಕಿ. ಮೊಟ್ಟೆ ತಿನ್ನದವರಿಗೆ ಮೊಳಕೆ ಕಾಳು. ಊಟವಾದ ಮೇಲೆ ಕಬ್ಬಿಣಾಂಶದ ಮಾತ್ರೆ.

ಮನೆಗೆ ಕೊಟ್ಟರೆ ಆಗದೇ, ದಿನವೂ ಕರೆದು ಉಣಿಸಬೇಕೇ ಎಂದು ಈಗಲೂ ಕೇಳುವವರಿದ್ದಾರೆ. ಮನೆಗೆ ಹೋದ ಬೇಳೆ ಮನೆಯ ಗಡಿಗೆಗೆ ಬೀಳುತ್ತದೆ. ಆ ಗಡಿಗೆಯಿಂದ ಮೊದಲು ಮಾವ, ಗಂಡ, ಮೈದುನ ಉಣ್ಣುತ್ತಾರೆ, ಆಮೇಲೆ ಮಕ್ಕಳು, ಆಮೇಲೆ ಅತ್ತೆ. ಸೊಸೆಗೆ ತಳದ ಸಾರು. ಇದರಲ್ಲಿ ಯಾರ ದುಷ್ಟತನವೂ ಇಲ್ಲ, ನಮ್ಮ ಕಡೆಯ ಮನೆಗಳು ನಡೆಯುವ ರೀತಿಯೇ ಅದು. 2020ರ ಲಾಕ್‌ಡೌನ್ ಕಾಲದಲ್ಲಿ ಅಂಗನವಾಡಿ ಮುಚ್ಚಿ, ಸಾಮಗ್ರಿಯನ್ನು ಮತ್ತೆ ಮನೆಬಾಗಿಲಿಗೆ ಕೊಡಬೇಕಾಗಿ ಬಂದಾಗ ಇದೆಲ್ಲ ಇನ್ನೊಮ್ಮೆ ಕಣ್ಣೆದುರಿಗೇ ನಡೆಯಿತು. ಸಂಜೆ ಹೋಗಿ ಕೇಳಿದರೆ ಮೊಟ್ಟೆಗಳು ಮನೆಮಂದಿಗೆಲ್ಲ ಹಂಚಿಹೋಗಿರುತ್ತಿದ್ದವು.

ಆದರೆ ಬಿಸಿಯೂಟ ಎಂದು ಸಾರಿದ ಮಾತ್ರಕ್ಕೆ ಯಾರೂ ಬರಲಿಲ್ಲ. "ನಮ್ಮ ಮನೆಯಲ್ಲಿ ಕೂಳಿಗೆ ಗತಿಯಿಲ್ಲವೆಂದು ಸೊಸೆಯನ್ನು ಊಟಕ್ಕೆ ಕಳುಹಿಸಬೇಕೇನು ಟೀಚರೇ?" ಎಂದು ಒಬ್ಬ ಅತ್ತೆ ಬಾಗಿಲಲ್ಲೇ ನಿಂತು ಕೇಳಿದರು. "ಅವ್ವಾ, ನೀವೂ ಒಂದು ದಿನ ಬಂದು ಕೂತು ನೋಡಿ, ಆಮೇಲೆ ಬೇಡವೆನ್ನಿ" ಎಂದೆ. ಅವರು ಬಂದರು. ಅಡುಗೆಯಲ್ಲಿ ಉಪ್ಪು ಕಡಿಮೆ ಎಂದರು, ಬೇಳೆ ಇನ್ನೂ ಬೇಯಬೇಕಿತ್ತು ಎಂದರು. ಮರುದಿನವೂ ಬಂದರು. ಸೊಸೆಯನ್ನು ಕರೆಯುವ ಮುಂಚೆ ಅತ್ತೆಯನ್ನು ಕರೆಯುವುದು ಅಂದಿನಿಂದ ನನ್ನ ಪದ್ಧತಿ. ಅತ್ತೆ ಒಪ್ಪಿದರೆ ಗಂಡ ಒಪ್ಪಿದಂತೆಯೇ.

ಇನ್ನೊಂದು ತಕರಾರು ಅನ್ನದ್ದು. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಬರೀ ಅನ್ನ ಊಟವೆನಿಸುವುದಿಲ್ಲ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಹಾಗಾದರೆ ರೊಟ್ಟಿ ಮನೆಯಿಂದ ತನ್ನಿ, ಪಲ್ಯ ಇಲ್ಲಿ ಹಾಕುತ್ತೇವೆ ಎಂದೆ. ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ, ಜೊತೆಗೆ ಚಿಟಿಕೆ ಗುರೆಳ್ಳು ಚಟ್ನಿ ಹಿಡಿದು ಬರತೊಡಗಿದರು. ಒಬ್ಬರ ಚಟ್ನಿ ಇನ್ನೊಬ್ಬರ ತಟ್ಟೆಗೆ ಹೋಯಿತು, ಮಾತು ಬೆಳೆಯಿತು. ಯಾವ ಸುತ್ತೋಲೆಯಲ್ಲೂ ಇಲ್ಲದ ಈ ಏರ್ಪಾಡು ನನ್ನ ಮನೆಭೇಟಿಗಳಿಗಿಂತ ಹೆಚ್ಚು ಜನರನ್ನು ಕರೆತಂದಿತು.

ಯಾರು ಬೇಯಿಸಿದ ಅಡುಗೆ ಎಂಬ ಪ್ರಶ್ನೆಯೂ ಎದ್ದಿತು. ನೇರವಾಗಿ ಯಾರೂ ಕೇಳಲಿಲ್ಲ, ನೇರವಾಗಿ ಕೇಳುವ ಕಾಲ ಇದಲ್ಲವೆಂದು ಅವರಿಗೂ ಗೊತ್ತು. ಕೆಲವು ಮನೆಯವರು ತಮ್ಮ ಸೊಸೆಗೆ ಹಾಲು, ಚಿಕ್ಕಿ ಮಾತ್ರ ಸಾಕು ಎಂದರು. ಬೇರೆ ಒಲೆ, ಬೇರೆ ಸಾಲು ಯಾವುದಕ್ಕೂ ನಾನು ಒಪ್ಪಲಿಲ್ಲ. ದಿನವೂ ಸಹಾಯಕಿಯ ಕೈಯಿಂದಲೇ ಬಡಿಸಿಸಿಕೊಂಡು, ಅಂಗಳದಲ್ಲಿ ಎಲ್ಲರಿಗೂ ಕಾಣುವಂತೆ ಕುಳಿತು ನಾನೇ ಮೊದಲು ಉಂಡೆ. ಕೆಲವರು ಬಂದರು. ಎರಡು ಮನೆಯವರು ಕೊನೆಗೂ ಬರಲಿಲ್ಲ. ಅವರಿಗಾಗಿ ನಿಯಮ ಸಡಿಲಿಸದಿದ್ದುದಕ್ಕೆ ನನಗೆ ಬೇಸರವಿಲ್ಲ.

ಬಂದವರೂ ತಮ್ಮ ಪಾಲನ್ನು ಪೂರ್ತಿ ಉಣ್ಣುತ್ತಾರೆಂದಲ್ಲ. ತಾಯಿಯಾದವಳು ಮೊಟ್ಟೆ ಕಂಡರೆ ಮೊದಲು ನೆನೆಯುವುದು ಮನೆಯಲ್ಲಿರುವ ಮಗುವನ್ನು. ಹಾಗಾಗಿ ನಾವು ಮೊಟ್ಟೆಯ ಸಿಪ್ಪೆ ಸುಲಿದು, ಎರಡು ಹೋಳು ಮಾಡಿ ತಟ್ಟೆಗೆ ಹಾಕುತ್ತೇವೆ. ಇಡೀ ಮೊಟ್ಟೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗುವುದು ಸುಲಭ, ಹಳದಿ ಉದುರುವ ಹೋಳು ಹಾಗೆ ಹೋಗುವುದಿಲ್ಲ. ಚಿಕ್ಕಿ ಮಾತ್ರ ಸೆರಗಿಗೆ ಸೇರುತ್ತದೆ. ಅದನ್ನು ನಾನು ನೋಡಿಯೂ ನೋಡದವಳಂತೆ ಇರುತ್ತೇನೆ.

ಮಕ್ಕಳ ಹೊಟ್ಟೆ ತುಂಬಿದ್ದು ಕಂಡರೆ ಮಾತ್ರ ತಾಯಿಯ ಗಂಟಲಲ್ಲಿ ಅನ್ನ ಇಳಿಯುತ್ತದೆ. ಮೂರು ವರ್ಷ ದಾಟಿದ ಮಕ್ಕಳು ಹೇಗೂ ನಮ್ಮಲ್ಲೇ ಉಣ್ಣುತ್ತಾರೆ. ಅವರನ್ನು ಸ್ವಲ್ಪ ಮೊದಲೇ ಕೂರಿಸುತ್ತೇವೆ. ಅದಕ್ಕಿಂತ ಚಿಕ್ಕವನಿದ್ದರೆ ಅಜ್ಜಿಯ ಬಳಿ ಬಿಡದೆ ಕಂಕುಳಲ್ಲಿ ಎತ್ತಿಕೊಂಡೇ ಬರಲು ಹೇಳಿದ್ದೇನೆ. ಚಿಕ್ಕ ಮಕ್ಕಳಿಗೆಂದು ನಾವು ಮನೆಗೆ ಕೊಡುವ ‘ಪುಷ್ಟಿ’ ಎಂಬ ಪೌಷ್ಟಿಕ ಪುಡಿಯಲ್ಲಿ ಒಂದಿಷ್ಟನ್ನು ಮನೆಯಿಂದ ತಂದರೆ ಇಲ್ಲಿಯೇ ಗಂಜಿ ಕಾಯಿಸಿ ಕೊಡುತ್ತೇವೆ. ಅವನು ಉಣ್ಣುವಾಗ ತೋಳಿಗೆ ಅಳತೆಪಟ್ಟಿ ಸುತ್ತಿ ನೋಡಲೂ ಅನುಕೂಲ. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆಯೆಂದೇ ಅರ್ಥ; ಅದು ನಮ್ಮ ಗಂಜಿಯಿಂದ ಸರಿಹೋಗುವ ವಿಷಯವಲ್ಲ, ಆಸ್ಪತ್ರೆಗೆ ಕಳುಹಿಸಬೇಕು.

ಹಾಲು ಮತ್ತು ಮಾತ್ರೆಯ ಗೊಂದಲವನ್ನು ಬಿಡಿಸಲು ಸಮಯ ಹಿಡಿಯಿತು. ಹಾಲಿನ ಜೊತೆ ಕಬ್ಬಿಣಾಂಶದ ಮಾತ್ರೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ಚಹಾದ ಜೊತೆಗಂತೂ ಬೇಡವೇ ಬೇಡ. ಮಾತ್ರೆಯನ್ನು ಮನೆಗೆ ಕೊಟ್ಟರೆ ಅದು ದೇವರ ಗೂಡಿನಲ್ಲಿ ಕೂರುತ್ತದೆ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬ ಮಾತು ನಮ್ಮೂರಿನಿಂದ ಇನ್ನೂ ಹೋಗಿಲ್ಲ. ಕಪ್ಪಾಗುವುದು ಮಲ, ಮಗುವಲ್ಲ ಎಂದು ಹೇಳಿದರೆ ನಗುತ್ತಾರೆ, ಆದರೆ ನುಂಗುವುದಿಲ್ಲ. ಹಾಲನ್ನು ಮನೆಗೆ ಕೊಟ್ಟರೆ ಅದು ಚಹಾ ಆಗಿ ಗಂಡಸರ ಲೋಟ ಸೇರುತ್ತದೆ. ಹಾಗಾಗಿ ಬಂದ ಕೂಡಲೇ ಹಾಲು. ಆಮೇಲೆ ತೂಕ, ತಾಯಿ ಕಾರ್ಡ್ ಬರೆಯುವುದು, ಮಾತುಕತೆ. ಮಕ್ಕಳ ಊಟ ಮುಗಿದ ಮೇಲೆ ಇವರ ಊಟ. ಪಲ್ಯದ ಮೇಲೆ ಒಂದು ಹೋಳು ನಿಂಬೆ ಹಿಂಡುತ್ತೇವೆ, ಮಾತ್ರೆ ಕಟ್ಟಕಡೆಗೆ, ನನ್ನ ಕಣ್ಣೆದುರಿಗೆ. ಹಾಲಿನ ಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ, ಆಮೇಲೆ ಉಳಿದ ನೀರು ಬೆರೆಸಬೇಕು. ಕುದಿಯುವ ನೀರಿಗೆ ಪುಡಿ ಸುರಿದರೆ ಗಂಟುಗಂಟಾಗಿ, ಅದರ ವಾಸನೆಗೇ ಬಸುರಿಯರು ಮುಖ ತಿರುಗಿಸುತ್ತಾರೆ.

ಮೊಟ್ಟೆಗೆ ಇಷ್ಟೇಕೆ ಪರದಾಟ ಎನ್ನುವವರಿಗೆ ಒಂದು ಲೆಕ್ಕ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಬಸುರಿ, ಬಾಣಂತಿಗೆ ದಿನಕ್ಕೆ 600 ಕ್ಯಾಲೊರಿ, 18ರಿಂದ 20 ಗ್ರಾಂ ಪ್ರೋಟೀನ್ ಸಿಗುವಷ್ಟು ಆಹಾರ ಕೊಡಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅರ್ಧಕ್ಕಿಂತ ಹೆಚ್ಚು ಪ್ರೋಟೀನ್ ಬರುವುದು ಈ ಎರಡರಿಂದಲೇ. ಇವೆರಡೂ ಇಲ್ಲದ ದಿನ ಅವಳು ಉಣ್ಣುವುದು ಮನೆಯಲ್ಲಿ ಉಣ್ಣುವ ಅನ್ನ ಸಾರನ್ನೇ. ಮೊಟ್ಟೆಯ ಬೆಲೆ ಚಳಿಗಾಲದಲ್ಲಿ ಏರುತ್ತದೆ, ನಮಗೆ ಬರುವ ಹಣ ಏರುವುದಿಲ್ಲ, ಕೆಲವೊಮ್ಮೆ ಬರುವುದೇ ತಡ. ಅಂಥ ತಿಂಗಳುಗಳಲ್ಲಿ ಕಿರಾಣಿ ಅಂಗಡಿಯವರ ಸಾಲದ ಪುಸ್ತಕವೇ ನಮ್ಮನ್ನು ಕಾಪಾಡಿದ್ದು. ಅಂಗನವಾಡಿಯ ಮೇಲುಸ್ತುವಾರಿ ನೋಡುವ ಊರಿನವರ ಬಾಲವಿಕಾಸ ಸಮಿತಿಯ ಅಧ್ಯಕ್ಷೆ ಗಟ್ಟಿಗಿತ್ತಿಯಾದ್ದರಿಂದ ಅಂಗಡಿಯವರೂ ಹೆಚ್ಚು ಮಾತಾಡಲಿಲ್ಲ.

ಹತ್ತಿ ಬಿಡಿಸುವ ಕಾಲಕ್ಕೆ ನಮ್ಮ ಸಾಲು ತೆಳುವಾಗುತ್ತದೆ. ಕೂಲಿ ಬಿಟ್ಟು ಊಟಕ್ಕೆ ಬಾ ಎಂದು ಯಾವ ಬಾಯಿಯಿಂದ ಹೇಳುವುದು? ಆಳುಗಳನ್ನು ಕರೆದೊಯ್ಯುವ ಹೆಂಗಸಿನೊಂದಿಗೆ ಮಾತಾಡಿ, ಬಸುರಿಯರನ್ನು ಊರಿಗೆ ಹತ್ತಿರದ ಹೊಲಗಳಿಗೇ ಹಾಕುವಂತೆ, ಮಧ್ಯಾಹ್ನ ಒಂದು ಗಂಟೆ ಬಿಡುವಂತೆ ಒಪ್ಪಿಸಿದ್ದೇನೆ. ದೂರದ ಹೊಲಕ್ಕೆ ಹೋಗುವವರಿಗೆ, ತುಂಬು ತಿಂಗಳಾಗಿ ನಡೆಯಲಾಗದವರಿಗೆ, ಹೊರಗೆ ಬಾರದ ಹಸಿ ಬಾಣಂತಿಯರಿಗೆ ಬುತ್ತಿ ಕಟ್ಟಿಕೊಡುವುದೇ ದಾರಿ. ಅದನ್ನು ಪೂರ್ತಿ ಅವಳೇ ಉಂಡಳೆಂದು ನಾನು ಆಣೆ ಮಾಡಿ ಹೇಳಲಾರೆ.

ಊರಿನವರು ಸಹಾಯ ಮಾಡುತ್ತೇವೆಂದು ಬಂದಾಗ ಬಿಸ್ಕತ್ತಿನ ಪೊಟ್ಟಣ ತರುತ್ತಾರೆ, ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ. ಅದನ್ನು ತಿಂದ ಮಕ್ಕಳು ಆ ದಿನ ಊಟಕ್ಕೆ ಕೈ ಹಾಕುವುದಿಲ್ಲ. ಮೊಟ್ಟೆಯ ಟ್ರೇ ಕೊಡಿ ಎಂದು ನಾನು ಸಂಕೋಚವಿಲ್ಲದೆ ಕೇಳುತ್ತೇನೆ. ನಿಂಬೆ, ನುಗ್ಗೆಸೊಪ್ಪು, ಹೊಲದಲ್ಲಿ ಮಿಕ್ಕ ಬದನೆ, ಟೊಮೆಟೊ ಯಾವುದಾದರೂ ಆದೀತು. ಕೈ ತೊಳೆದ ನೀರು ಹರಿಯುವ ಕಡೆ ನಾವೂ ಎರಡು ನುಗ್ಗೆ ಗಿಡ ಹಾಕಿದ್ದೇವೆ, ಆದರೆ ಇಷ್ಟು ಜನರಿಗೆ ಎರಡು ಗಿಡ ಎಲ್ಲಿ ಸಾಕು? ಮುಚ್ಚಳ ಗಟ್ಟಿಯಿರುವ ಬುತ್ತಿ ಡಬ್ಬಿಗಳೂ ಬೇಕಾಗುತ್ತವೆ. ತರಕಾರಿ ತರುವವರು ಬೆಳಿಗ್ಗೆ ಹತ್ತರೊಳಗೆ ತಂದರೆ ಅಂದಿನ ಸಾಂಬಾರಿಗೇ ಸೇರುತ್ತದೆ; ಆಮೇಲೆ ತಂದರೆ, ನಮ್ಮಲ್ಲಿ ಫ್ರಿಜ್ ಇಲ್ಲ, ಮರುದಿನಕ್ಕೆ ಬಾಡಿರುತ್ತದೆ.