ವೇಲ್ಸ್ ಕಡಲಂಚಿನ ರೈಲು: ಕೈ ಚಾಚಿದರೆ ಮಾತ್ರ ನಿಲ್ಲುತ್ತದೆ

ಲಾನಾಬರ್ ಎಂಬ ಪುಟ್ಟ ನಿಲ್ದಾಣದಲ್ಲಿ ನಾವು ನಾಲ್ವರು ರೈಲಿಗಾಗಿ ಕಾಯುತ್ತಿದ್ದೆವು. ಹಿಂದೆ ಗುಡ್ಡ, ಮುಂದೆ ಹಳಿ, ಹಳಿಯಾಚೆ ಕಡಲು. ರೈಲು ಬಂದಿತು. ಪ್ಲಾಟ್‌ಫಾರಂ ಇದೆ, ಜನರಿದ್ದಾರೆ, ನಿಂತೇ ನಿಲ್ಲುತ್ತದೆ ಎಂದು ಚೀಲ ಹೆಗಲಿಗೇರಿಸಿಕೊಂಡೆವು. ಅದು ನಿಲ್ಲದೆ ಹೋಯಿತು. ಮುಂದಿನ ರೈಲಿಗೆ ಎರಡು ಗಂಟೆ, ಜೊತೆಯಲ್ಲಿದ್ದ ಮಗುವಿಗೆ ಹಸಿವು. ಇಂಗ್ಲೆಂಡಿನಿಂದ ವೇಲ್ಸ್ ನೋಡಲು ಹೊರಡುವ ಪ್ರತಿ ಕನ್ನಡ ಕುಟುಂಬಕ್ಕೂ ನಾನು ಮೊದಲು ಹೇಳುವ ಮಾತು ಇದೇ: ಈ ದಾರಿಯ ಸಣ್ಣ ನಿಲ್ದಾಣಗಳಲ್ಲಿ ಹಳ್ಳಿ ಬಸ್ಸಿಗೆ ಕೈ ತೋರಿಸುವಂತೆ ರೈಲಿಗೂ ಕೈ ತೋರಿಸಬೇಕು.

ವೇಳಾಪಟ್ಟಿಯಲ್ಲಿ ಇಂಥವನ್ನು ರಿಕ್ವೆಸ್ಟ್ ಸ್ಟಾಪ್ ಎಂದು ಗುರುತಿಸಿರುತ್ತಾರೆ. ಹತ್ತುವವರು ಚಾಲಕನಿಗೆ ಕಾಣುವ ಜಾಗದಲ್ಲಿ ನಿಂತು, ರೈಲು ದೂರದಲ್ಲಿರುವಾಗಲೇ ಕೈ ಚಾಚಬೇಕು. ಇಳಿಯುವವರು ಹತ್ತಿದ ಕೂಡಲೇ ಗಾರ್ಡ್‌ಗೆ ಊರಿನ ಹೆಸರು ಹೇಳಿಬಿಡಬೇಕು. ನಮ್ಮಲ್ಲಿ ಗಾರ್ಡ್ ಕೊನೆಯ ಬೋಗಿಯಲ್ಲಿರುತ್ತಾರೆ. ಇಲ್ಲಿ ಅವರೇ ಬೋಗಿಯೊಳಗೆ ಓಡಾಡಿ ಟಿಕೆಟ್ ನೋಡುತ್ತಾರೆ. ಟಿ.ಸಿ. ಮತ್ತು ಗಾರ್ಡ್ ಇಬ್ಬರ ಕೆಲಸವೂ ಒಬ್ಬರದೇ. ಹೆಸರು ಉಚ್ಚರಿಸಲು ಬಾರದಿದ್ದರೆ ಮೊಬೈಲಿನಲ್ಲಿ ತೋರಿಸಿ. ಇಲ್ಲಿನ ಭಾಷೆ ವೆಲ್ಷ್‌ನ ಜೋಡಿ 'ಎಲ್' ನಮ್ಮ 'ಲ' ಅಲ್ಲ. 'ಲ'ಗೆಂದು ನಾಲಿಗೆ ಇಟ್ಟು ಪಕ್ಕದಿಂದ ಗಾಳಿ ಊದಬೇಕು. 'ಡಬ್ಲ್ಯೂ' ಎಷ್ಟೋ ಕಡೆ ನಮ್ಮ 'ಉ'. ಇಷ್ಟು ತಿಳಿದರೆ ಈ ದಾರಿಯ ಕೊನೆಯ ನಿಲ್ದಾಣ ಪುಲ್‌ಹೆಲಿಯ ಹೆಸರಿನ ಅರ್ಧ ಹೆದರಿಕೆ ಹೋಗುತ್ತದೆ.

ಇನ್ನೊಂದು ಎಚ್ಚರಿಕೆ ಮಖನ್ಲೆತ್ ನಿಲ್ದಾಣದ್ದು. ಬರ್ಮಿಂಗ್‌ಹ್ಯಾಮ್, ಶ್ರೂಸ್‌ಬರಿ ಕಡೆಯಿಂದ ಬರುವ ರೈಲು ಸಾಮಾನ್ಯವಾಗಿ ಇಲ್ಲಿ ಎರಡಾಗುತ್ತದೆ. ಒಂದು ಭಾಗ ಅಬರಿಸ್ಟ್‌ವಿತ್‌ಗೆ, ಇನ್ನೊಂದು ಕಡಲ ದಂಡೆ ಹಿಡಿದು ಉತ್ತರಕ್ಕೆ ಪುಲ್‌ಹೆಲಿಗೆ. ನಿಮ್ಮ ಬೋಗಿ ಯಾವ ಕಡೆಗೆ ಎಂದು ಹತ್ತುವಾಗಲೇ ಕೇಳಿಕೊಳ್ಳಿ. ಘೋಷಣೆ ಮೊದಲು ವೆಲ್ಷ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ, ಕೊನೆಯವರೆಗೂ ಕೇಳಿ.

ಈ ರೈಲುಗಳನ್ನು ಓಡಿಸುವುದು ಟ್ರಾನ್ಸ್‌ಪೋರ್ಟ್ ಫಾರ್ ವೇಲ್ಸ್. ಟಿಕೆಟ್ ಯಂತ್ರ ಇಲ್ಲದ ಹಳ್ಳಿಯಲ್ಲಿ ಹತ್ತಿದರೆ ಗಾರ್ಡ್ ಬಳಿ ಕೊಳ್ಳಬಹುದು. ಯಂತ್ರವೋ ಕೌಂಟರೋ ಇರುವಲ್ಲಿ ಕೊಂಡೇ ಹತ್ತಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಇದ್ದರೆ ದೊಡ್ಡವರ ದರದಲ್ಲಿ ಮೂರನೇ ಒಂದು ಭಾಗ ಕಡಿತ. 26 ದಾಟಿದವರೂ ಪೂರ್ಣಾವಧಿ ವಿದ್ಯಾರ್ಥಿಗಳಾಗಿದ್ದರೆ 16-25 ಕಾರ್ಡ್ ಪಡೆಯಬಹುದು ಎಂಬುದು ನಮ್ಮ ಎಷ್ಟೋ ಹುಡುಗರಿಗೆ ಗೊತ್ತೇ ಇರುವುದಿಲ್ಲ. ಊರಿನಿಂದ ಬಂದ ಅಪ್ಪ ಅಮ್ಮನಿಗೆ 60 ಆಗಿದ್ದರೆ ಸೀನಿಯರ್ ಕಾರ್ಡ್ ಮಾಡಿಸಿ. ವಯಸ್ಸಿಗೆ ಪಾಸ್‌ಪೋರ್ಟೇ ದಾಖಲೆ. ನಡುವೆ ಇಳಿದು ಹತ್ತುವ ಆಸೆಯಿದ್ದರೆ ಅಡ್ವಾನ್ಸ್ ಟಿಕೆಟ್ ಬೇಡ, ಅಗ್ಗವಾದರೂ ಬೇಡ. ಅದು ಒಂದೇ ರೈಲಿಗೆ ಕಟ್ಟಿಹಾಕುತ್ತದೆ. ಈ ದಾರಿಯಲ್ಲಿ ಇಳಿಯದೆ ಹೋಗುವುದೆಂದರೆ ಅರ್ಧ ಪ್ರವಾಸ ಕಳೆದುಕೊಂಡಂತೆ.

ಉತ್ತರಕ್ಕೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಮೊದಲು ಡವಿ ನದಿಯ ಅಳಿವೆ, ಆಮೇಲೆ ಕಡಲು. ಫೇರ್‌ಬರ್ನ್ ಬರುವ ಮೊದಲು ಫ್ರಿಯೋಗ್ ಬಂಡೆಯ ನಡುಮೈಯಲ್ಲಿ ರೈಲು ಮೆಲ್ಲಗೆ ಸಾಗುತ್ತದೆ, ಕಿಟಕಿಯ ಕೆಳಗೆ ನೇರವಾಗಿ ನೀರು. 1883ರಲ್ಲೂ 1933ರಲ್ಲೂ ಇಲ್ಲಿ ಗುಡ್ಡ ಕುಸಿದು ಎಂಜಿನ್ ಕೆಳಗುರುಳಿತು. ಎರಡು ಸಲವೂ ಚಾಲಕ ಮತ್ತು ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಪ್ರಾಣಬಿಟ್ಟರು. ಅನಂತರ ಹಳಿಯ ಮೇಲೆ ಕಟ್ಟಿದ ಕಾಂಕ್ರೀಟ್ ಸೂರಿನಡಿ ನುಗ್ಗುವಾಗ ಬೋಗಿ ಕ್ಷಣಕಾಲ ಕತ್ತಲಾಗುತ್ತದೆ. ನಾನು ಆಗ ಮಾತು ನಿಲ್ಲಿಸುತ್ತೇನೆ.

ಮುಂದೆ ಮೋರ್ವ ಮೌದಖ್. ಇದೂ ಕೋರಿಕೆಯ ನಿಲ್ದಾಣ. ದಯವಿಟ್ಟು ಇಲ್ಲಿ ಇಳಿಯಿರಿ. ಇಲ್ಲಿಂದ ಆಚೆ ದಡದ ಬಾರ್ಮತ್‌ವರೆಗೆ ಮೌದಖ್ ನದಿಯ ಅಳಿವೆಯನ್ನು ದಾಟುವುದು 1867ರಲ್ಲಿ ತೆರೆದ ಮರದ ಸೇತುವೆ, ಸುಮಾರು 800 ಮೀಟರ್ ಉದ್ದ. 1980ರಲ್ಲಿ ಅದರ ಕಂಬಗಳನ್ನು ಕಡಲಿನ ಮರಹುಳು ಕೊರೆದಿರುವುದು ಗೊತ್ತಾಗಿ, ದಾರಿಯೇ ಮುಚ್ಚಿಹೋಗುವ ಭಯ ಹುಟ್ಟಿತ್ತು. ಹಳಿಯ ಪಕ್ಕದಲ್ಲೇ ಕಾಲುದಾರಿಯಿದೆ. ನಡುವೆ ನಿಂತಾಗ ರೈಲು ಬಂದರೆ ಕಾಲಡಿಯ ಹಲಗೆಗಳು ಗಡಗಡ ನಡುಗುತ್ತವೆ, ಉಪ್ಪುಗಾಳಿ ಮುಖಕ್ಕೆ ಹೊಡೆಯುತ್ತದೆ, ಬಲಕ್ಕೆ ಅಳಿವೆಯಾಚೆ ಕಾಡರ್ ಇದ್ರಿಸ್ ಬೆಟ್ಟ. ಮಕ್ಕಳ ಕೈ ಹಿಡಿದುಕೊಂಡಿರಿ.

ಬಾರ್ಮತ್‌ನಲ್ಲಿ ಮತ್ತೆ ಹತ್ತಿ. ಹಾರ್ಲೆಖ್‌ನಲ್ಲಿ ಮಾತ್ರ ಬಲಕ್ಕೆ ತಿರುಗಿ ನೋಡಿ: ನಿಲ್ದಾಣದ ನೆತ್ತಿಯ ಮೇಲೆಯೇ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಕಟ್ಟಿಸಿದ ಕೋಟೆ. ಸಣ್ಣ ರೈಲಿನ ಹುಚ್ಚಿರುವವರು ಮಿನ್‌ಫೋರ್ದ್‌ನಲ್ಲಿ ಇಳಿದು ಫೆಸ್ಟಿನಿಯೋಗ್ ರೈಲು ಹಿಡಿಯಬಹುದು.

ಮಳೆ, ಬಿರುಗಾಳಿಯ ದಿನಗಳಲ್ಲಿ ಹಳಿ ಮುಚ್ಚಿದರೆ ಬದಲಿ ಬಸ್ ಬಿಡುತ್ತಾರೆ, ಅದೇ ಟಿಕೆಟ್ ನಡೆಯುತ್ತದೆ. ಹದಿನೈದು ನಿಮಿಷ ಅಥವಾ ಅದಕ್ಕಿಂತ ತಡವಾದರೆ ಡಿಲೇ ರೀಪೇ, ಅಂದರೆ ತಡಕ್ಕೆ ಪರಿಹಾರದ ಹಣ, ಕೇಳಬಹುದು. 28 ದಿನಗಳೊಳಗೆ ಅರ್ಜಿ ಹಾಕಿ, ಟಿಕೆಟ್ ಎಸೆಯಬೇಡಿ. ಭಾನುವಾರ ರೈಲುಗಳು ಕಡಿಮೆ. ಹಿಂದಿರುಗುವ ಕೊನೆಯ ರೈಲಿನ ಹೊತ್ತನ್ನು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ. ಸಂಜೆ ಸಣ್ಣ ನಿಲ್ದಾಣದಲ್ಲಿ ನಿಂತಿದ್ದರೆ, ಕತ್ತಲಾಗುವ ಮೊದಲೇ ದೀಪದ ಬೆಳಕು ಬೀಳುವ ಕಡೆ ಬಂದು ನಿಲ್ಲಿ. ರೈಲಿನ ಮುಂದೀಪ ತಿರುವಿನಲ್ಲಿ ಕಂಡೊಡನೆ ಕೈ ಚಾಚಿ, ಅದು ನಿಧಾನಿಸುವವರೆಗೆ ಇಳಿಸಬೇಡಿ.