ಕಂಬಕ್ಕ ಔಷಧ ಕುಡಿಸೋ ಟ್ಯಾಂಕ್ ನಡೆಸೂದು ಹೆಂಗ

ಖಾನಾಪುರ ಕಡಿಂದ ಬರೋ ನೀಲಗಿರಿ ಕಂಬಕ್ಕ ಗೆದ್ದಲ ಹತ್ತಧಂಗ, ಕೊಳೀಧಂಗ ಔಷಧ ಏರಿಸೋ ಟ್ಯಾಂಕ್ ಬೆಳಗಾವಿ ಹತ್ರ ನಡಸ್ತೀನಿ. ಹೊಸದಾಗಿ ಟ್ಯಾಂಕ್ ಹಾಕಿದವರು ಫೋನ್ ಮಾಡಿ ಮೊದಲ ಕೇಳೂದು ಒಂದ: "ಪ್ರೆಶರ್ ಎಷ್ಟ ಕೊಡಬೇಕ್ರಿ ಅಣ್ಣಾ?" ಅದು ಕಡೀಕ ಕೇಳೋ ಪ್ರಶ್ನಿ. ಕಟ್ಟಿಗಿಯೊಳಗ ಜಾಗಾನ ಖಾಲಿ ಇಲ್ಲಾಂದ್ರ ಪಂಪ್ ಎಷ್ಟ ಒದರಿದ್ರೂ ಔಷಧ ಎಲ್ಲಿಗೆ ಹೋಗಬೇಕು?

ಅದಕ್ಕ ಮೊದಲ ಒಣಗಸ್ರಿ. ತೊಗಟಿ ಪೂರಾ ಸುಲೀರಿ, ಒಳಗಿನ ತೆಳ್ಳನ ಪದರ ಸೈತ. ನೆಲಕ್ಕ ತಾಗಧಂಗ ಅಡ್ಡಾಡ್ಡ ಪೇರಿಸಿ, ಮಾಯಿಶ್ಚರ್ ಮೀಟರ್ ಶೇಕಡಾ 25ರ ಕೆಳಗ ಇಳಿಯೂತನಕ ಬಿಡ್ರಿ. ಮೀಟರ್ ಕಂಬದ ತುದಿಗೆ ಚುಚ್ಚಬ್ಯಾಡ್ರಿ. ತುದಿ ಯಾವಾಗಲೂ ಮೊದಲ ಒಣಗತೈತಿ. ನಡುವ ಚುಚ್ಚಿ ನೋಡ್ರಿ. ಖಾನಾಪುರದ ಮಳಿಗಾಲದಾಗ ತಾಡಪತ್ರಿ ಹೊಚ್ಚಿದ್ರ ಸಾಲಂಗಿಲ್ಲ, ಗಾಳಿ ಆಡೋ ಶೆಡ್ಡ ಬೇಕು. ವಿಜಯಪುರದವರಿಗೆ ಈ ತ್ರಾಸ ಇಲ್ಲ, ಆದ್ರ ಅಲ್ಲಿ ಬಿಸಲಿಗೆ ನೀಲಗಿರಿ ಸೀಳತೈತಿ, ನೆಳ್ಳಾಗ ಇಡ್ರಿ.

ಔಷಧ ಕುಡಿಯೂದು ಹೊರಗಿನ ಬಿಳಿ ಕಟ್ಟಿಗಿ ಅಷ್ಟ. ಒಳಗಿನ ಕೆಚ್ಚು ಕುಡಿಯೂದ ಇಲ್ಲ ಅಂತ ತಿಳೀರಿ. ಹಂಗಾಗಿ ಕಂಬ ದುಂಡಗ ಇರಲಿ, ಸೀಳಿದ್ದು ತರಬ್ಯಾಡ್ರಿ. ಕೊರಿಯೂದು, ತೂತ ಹಾಕೂದು, ತುದಿ ಚೂಪ ಮಾಡೂದು ಎಲ್ಲಾ ಟ್ಯಾಂಕಿಗೆ ಹಾಕೂಕ್ಕಿಂತ ಮೊದಲ ಮುಗೀಬೇಕು. ಸಾಗವಾನಿ ಕೆಚ್ಚು ತಂದು "ಇದಕ್ಕೂ ಹಾಕ್ರಿ" ಅಂದ್ರ ನಾನು ವಾಪಸ್ ಕಳಸ್ತೀನಿ, ಸುಮ್ನ ಯಾಕ ರೊಕ್ಕ ಕಳೀಬೇಕು.

ಈಗ ವ್ಯಾಕ್ಯೂಮ್, ಅಂದ್ರ ಟ್ಯಾಂಕಿನೊಳಗಿನ ಗಾಳಿ ಪಂಪಿಲೆ ಎಳದು ತಗಿಯೂದು. ಟ್ರಾಲಿ ಒಳಗ ದಬ್ಬಿ, ಬಾಗಿಲದ ರಬ್ಬರ್ ಒರೆಸಿ, ಬೋಲ್ಟ್ ಎದುರುಬದರು ಬಿಗೀರಿ. ಗೇಜಿನ್ಯಾಗ ಪಾದರಸದ ಅಳತಿಲೆ ಕನಿಷ್ಠ 560 ಮಿಲಿಮೀಟರ್ ಬರಬೇಕು, ಅರ್ಧ ತಾಸು ನಿಲ್ಲಬೇಕು. ಇಲ್ಲೇ ಭಾಳ ಮಂದಿ ಪಂಪ್ ಮಾರಿದವನ ಜೋಡಿ ಜಗಳಾ ತಗೀತಾರ: "700 ಬರತೈತಿ ಅಂದಿದ್ದಿ, ಬರಲಿಲ್ಲ" ಅಂತ. ಬರೂದ ಇಲ್ರಿ. ಸಮುದ್ರದ ದಂಡಿಯೊಳಗ ಗಾಳಿ ಒತ್ತಡ 760. ಬೆಳಗಾವಿ ಸುಮಾರು 750 ಮೀಟರ್ ಎತ್ತರದಾಗ ಐತಿ, ಇಲ್ಲಿ ಗಾಳೀನ 695ರ ಆಸುಪಾಸು. ಇದ್ದದ್ದಕ್ಕಿಂತ ಹೆಚ್ಚು ತಗಿಯಾಕ ಆಗತೈತೇನು? ನಮ್ಮ ಗೇಜ್ 620 ತೋರಿಸಿದ್ರ ಒಳಗ ಉಳದದ್ದು 75. ಮುಂಬೈಯಾಗ 685 ತೋರಿಸಿದಷ್ಟ ಆತು. ಪಂಪ್ ಬದಲಿ ಮಾಡಬ್ಯಾಡ್ರಿ.

ಚಳಿಗಾಲದಾಗ 620 ಬರೋ ಪಂಪು ಏಪ್ರಿಲ್‌ದಾಗ ಇಳದ್ರ ಮಾತ್ರ ನೀರು ನೋಡ್ರಿ. ನಮ್ಮವು ಹೆಚ್ಚಾಗಿ ನೀರಿನ ರಿಂಗ್ ಪಂಪ್, ಒಳಗ ತಿರುಗೋ ನೀರಿನ ಉಂಗುರದಿಂದ ಗಾಳಿ ಎಳಿಯೋವು. ಅದರ ನೀರು 40 ಡಿಗ್ರಿ ಆತಂದ್ರ ಅದರದ ಆವಿ 55 ಮಿಲಿಮೀಟರ್ ಒತ್ತಡ ಹಿಡೀತೈತಿ, ಅದಕ್ಕಿಂತ ಕೆಳಗ ಇಳಿಯಂಗಿಲ್ಲ, ಅದರ ಹತ್ರ ಬಂದಂಗ ಪಂಪ್ ಎಳಿಯೂದೂ ಕಮ್ಮಿ ಆಗತೈತಿ. ಪಂಪಿನ ನೀರಿನ ಡ್ರಮ್ ನೆಳ್ಳಿಗೆ ಇಡ್ರಿ, ಬೋರಿನ ತಣ್ಣನ ನೀರು ಹಾಯಸ್ರಿ.

ವ್ಯಾಕ್ಯೂಮ್ ಬಿಡಧಂಗ ಔಷಧದ ವಾಲ್ವ್ ತಗೀರಿ, ಟ್ಯಾಂಕ್ ತಾನ ಎಳಕೋತೈತಿ. ತುಂಬಿದ ಮ್ಯಾಲ ಪ್ರೆಶರ್ ಮೆಲ್ಲಕ ಏರಸ್ರಿ, ನೀಲಗಿರಿಗೆ ನಾನು ಚದರ ಸೆಂಟಿಮೀಟರಿಗೆ 10 ಕಿಲೋ ತನಕ ಒಯ್ತೀನಿ. ಗಡಿಯಾರ ನೋಡಬ್ಯಾಡ್ರಿ, ಔಷಧ ಇರೋ ಅಳತಿ ಟ್ಯಾಂಕಿನ ಲೆವೆಲ್ ನೋಡ್ರಿ. ಇಳಿಯೂದು ನಿಂತಾಗ ಕುಡಿಯೂದೂ ನಿಂತೈತಿ. ಬಿದಿರು ಇದ್ರ ಗೆಣ್ಣು-ಗೆಣ್ಣಿನ ನಡುವ ಒಂದೊಂದು ತೂತ ಹಾಕ್ರಿ, ಇಲ್ಲಾಂದ್ರ ಪ್ರೆಶರಿಗೆ ಚಪ್ಪಟ್ಟಿ ಆಗತೈತಿ. ಆಮ್ಯಾಲ ಔಷಧ ವಾಪಸ್ ತಗದು, ಕಾಲು ತಾಸು ಮತ್ತ ವ್ಯಾಕ್ಯೂಮ್ ಎಳೀರಿ, ಕಂಬ ಸೋರೂದು ಕಮ್ಮಿ ಆಗತೈತಿ. ಬಾಗಿಲ ತಗಿಯೂಕ್ಕಿಂತ ಮೊದಲ ಗಾಳಿ ವಾಲ್ವ್ ಪೂರಾ ತಗದಿರಲಿ. ಗೇಜ್ ಸೊನ್ನೆ ತೋರಸ್ತೈತಿ ಅಂತ ನಂಬಿ ಬೋಲ್ಟಿಗೆ ಕೈ ಹಾಕಬ್ಯಾಡ್ರಿ, ಗೇಜ್ ಕೆಟ್ಟಿರಬಹುದು.

ಲೆಕ್ಕಾ ಹಿಂಗ. 10 ಸೆಂಟಿಮೀಟರ್ ದಪ್ಪ, 2.4 ಮೀಟರ್ ಉದ್ದದ 50 ಕಂಬ ಅಂದ್ರ 0.94 ಘನಮೀಟರ್. ನೀರಿನ್ಯಾಗ ಶೇಕಡಾ 5 ಕರಗಿಸಿದ ಔಷಧ 150 ಲೀಟರ್ ಕುಡದಿದ್ರ ಒಳಗ ಹೋದದ್ದು ಏಳೂವರಿ ಕಿಲೋ ಒಣ ಔಷಧ, ಘನಮೀಟರಿಗೆ 8 ಕಿಲೋ. ಮಣ್ಣಾಗ ಹೂಳೋ ಕಂಬಕ್ಕ ನಾನು ಇದಕ್ಕಿಂತ ಕಮ್ಮಿ ಬಿಡಂಗಿಲ್ಲ. ಇಷ್ಟ ಬರಲಿಲ್ಲಾಂದ್ರ ಕಟ್ಟಿಗಿ ಹಸಿ ಐತಿ, ಇಲ್ಲಾ ವ್ಯಾಕ್ಯೂಮ್ ಸೋರಾಕತ್ತೈತಿ.

ಈ ಪದ್ಧತಿ ಇಂಗ್ಲೆಂಡಿನ ಜಾನ್ ಬೆಥೆಲ್ 1838ರಾಗ ಪೇಟೆಂಟ್ ಮಾಡಿದ್ದು. ನಾವು ಏರಿಸೋ ತಾಮ್ರ-ಕ್ರೋಮ್-ಆರ್ಸೆನಿಕ್ ಔಷಧ ಮಾತ್ರ ನಮ್ಮ ದೇಶದ್ದ: ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯೊಳಗ 1933ರಾಗ ಸೊಂಟಿ ಕಾಮೇಶನ್ ಕಂಡು ಹಿಡದಾರ. ಬೆಳಗಾವಿ ಕಾರ್ಖಾನಿ ಪ್ರದೇಶ ಉದ್ಯಮಬಾಗದಾಗ ಎರಕದ ಸಾಮಾನಿನ ಸಣ್ಣ ತೂತ ಮುಚ್ಚಾಕ ಇದ ಥರದ ಟ್ಯಾಂಕ್ ಬಳಸ್ತಾರ, ಆದ್ರ ಆ ರಾಳದ ಔಷಧ ಬ್ಯಾರೆ. ಒಂದ ಟ್ಯಾಂಕಿನಾಗ ಎರಡೂ ಕೆಲಸ ಮಾಡಾಕ ಹೋಗಬ್ಯಾಡ್ರಿ.

ಆರ್ಸೆನಿಕ್ ವಿಷ, ಕೈಗವಸು ಬಿಟ್ಟು ಮುಟ್ಟಬ್ಯಾಡ್ರಿ. ಸೋರಿದ್ದು ಸಿಮೆಂಟ್ ಗಟಾರದಾಗ ಹಿಡದು ವಾಪಸ್ ಟ್ಯಾಂಕಿಗೆ ಬಿಡ್ರಿ, ಹಳ್ಳಕ್ಕ ಅಲ್ಲ. ಕಂಬ ಎರಡು-ಮೂರು ವಾರ ಮಳಿ ತಾಗಧಂಗ ಇಡ್ರಿ, ಔಷಧ ಕಟ್ಟಿಗಿಗೆ ಹಿಡಕೋಬೇಕು. ದನದ ಗ್ವಾದಲಿಗೆ ಈ ಕಟ್ಟಿಗಿ ಬ್ಯಾಡ. ಕತ್ತರಿಸಿದ ತುಂಡು ಒಲಿಗೆ ಹಾಕಬ್ಯಾಡ್ರಿ ಅಂತ ಗಿರಾಕಿಗೆ ಬಿಲ್ಲಿನ ಮ್ಯಾಲ ಬರದ ಕೊಡ್ರಿ; ಬಾಯಿಲೆ ಹೇಳಿದ್ದು ಮನಿ ಮುಟ್ಟೂದ್ರಾಗ ಮರತಿರತಾರ.