ಕಾರಂತರ ಹಾಡುಗಳ ಸಂಜೆಗೆ ಮಂಡ್ಯದಿಂದ ಹೋಗುವವರಿಗೆ

ಮೊದಲೇ ಹೇಳಿಬಿಡುತ್ತೇನೆ: ಅಲ್ಲಿ ಕುಳಿತು ‘ಒನ್ಸ್ ಮೋರ್’ ಎಂದು ಕೂಗಬೇಡಿ. ನಾನು ಕೂಗಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ತಂದೆ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುತ್ತಿದ್ದ ಹಾರ್ಮೋನಿಯಂ ಮೇಷ್ಟ್ರು. ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ಊರೂರಿಗೂ ‘ಕುರುಕ್ಷೇತ್ರ’. ದುರ್ಯೋಧನ ಒಂದು ಕಂದವನ್ನು ಉಸಿರು ಕಟ್ಟಿ ಎಳೆದು ನಿಲ್ಲಿಸಿದನೋ ಇಲ್ಲವೋ, ಹಿಂದಿನ ಸಾಲಿನಿಂದ ಒನ್ಸ್ ಮೋರ್ ಬರುತ್ತಿತ್ತು. ಅಂಗಿಗೆ ನೋಟು ಚುಚ್ಚುವವರು ವೇದಿಕೆ ಹತ್ತುತ್ತಿದ್ದರು. ಸತ್ತು ಬಿದ್ದಿದ್ದ ಅಭಿಮನ್ಯು ಎದ್ದು ಕುಳಿತು, ಮತ್ತೊಮ್ಮೆ ಹಾಡಿ, ಮತ್ತೊಮ್ಮೆ ಸಾಯುತ್ತಿದ್ದ. ಅದರಲ್ಲಿ ಯಾರಿಗೂ ಏನೂ ಅಸಹಜ ಕಾಣುತ್ತಿರಲಿಲ್ಲ. ನಾಟಕದ ಹಾಡೆಂದರೆ ಹೀಗೆ ಎಂದು ತಿಳಿದುಕೊಂಡೇ ನಾನು ಮೊದಲ ಸಲ ಮೈಸೂರಿನ ನಾಟಕ ಸಂಸ್ಥೆ ರಂಗಾಯಣಕ್ಕೆ, ನಾಟಕ ನಿರ್ದೇಶಕ ಬಿ.ವಿ. ಕಾರಂತರು ತಮ್ಮ ನಾಟಕಗಳಿಗೆ ಕಟ್ಟಿದ ರಂಗಗೀತೆಗಳನ್ನು ಕೇಳಲು ಹೋದದ್ದು. ಎರಡನೆಯ ಹಾಡು ರಭಸವಾಗಿ ಏರಿ ತಟ್ಟನೆ ನಿಂತಿತು. ನಾನು ಬಾಯಿಬಿಟ್ಟೆ. ಹಾಡು ಮುಗಿದಿರಲೇ ಇಲ್ಲ. ಅವರು ಬೇಕೆಂದೇ ನಿಲ್ಲಿಸಿದ್ದರು, ಆ ಮೌನವನ್ನೂ ಹಾಡಿನೊಳಗೆ ಸೇರಿಸಿ ಕಟ್ಟಿದ್ದರು. ನಾಲ್ಕು ಸಾಲುಗಳ ಜನ ತಿರುಗಿ ನನ್ನನ್ನು ನೋಡಿದರು.

ನಾನು ಸಂಗೀತ ಕಲಿತವಳಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಕಾಲದಲ್ಲಿ ‘ಹಲೋ’ ಎಂಬ ಒಂದೇ ಮಾತಿನಿಂದ, ಆ ಕಡೆಯವರು ಹೇಳಹೊರಟಿರುವುದು ಹೆರಿಗೆಯ ಸುದ್ದಿಯೋ ಸಾವಿನ ಸುದ್ದಿಯೋ ಎಂದು ತಿಳಿಯುತ್ತಿತ್ತು. ಕಾರಂತರ ಹಾಡುಗಳನ್ನು ಕೇಳಲು ನನಗೆ ಒದಗಿ ಬಂದದ್ದು ಆ ಕಿವಿಯೇ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದಾರೆ ಎಂಬುದನ್ನು ಹಿಡಿದುಕೊಂಡರೆ ರಾಗದ ಹೆಸರು ಗೊತ್ತಿಲ್ಲದಿದ್ದರೂ ನಷ್ಟವಿಲ್ಲ.

ಇಂಥ ಸಂಜೆಗಳು ಯಾವಾಗ ನಡೆಯುತ್ತವೆ ಎಂದು ಕೇಳುವವರಿಗೆ: ಕಾರಂತರು ತೀರಿಕೊಂಡದ್ದು 2002ರ ಸೆಪ್ಟೆಂಬರ್ 1ರಂದು. ಹಾಗಾಗಿ ಆಗಸ್ಟ್ ಮುಗಿಯುತ್ತಾ ಬಂದಂತೆ ಮೈಸೂರಿನ ಪತ್ರಿಕೆಗಳಲ್ಲಿ ‘ನಗರದಲ್ಲಿ ಇಂದು’ ಎಂಬಂಥ ಸಣ್ಣ ಅಕ್ಷರದ ಅಂಕಣಗಳನ್ನು ಬಿಡದೆ ನೋಡಿ. ‘ರಂಗಗೀತೆಗಳ ಗಾಯನ’ ಎಂದಷ್ಟೇ ಇದ್ದರೆ ಒಂದು ಫೋನ್ ಮಾಡಿ, ಹಾಡುವವರು ನಟರೋ ಆರ್ಕೆಸ್ಟ್ರಾದವರೋ ಎಂದು ವಿಚಾರಿಸಿ. ನಟರಾದರೆ ಹೋಗಿ. ಆರ್ಕೆಸ್ಟ್ರಾದವರು ಕೀಬೋರ್ಡ್ ಇಟ್ಟುಕೊಂಡು ಹಾಡುವ ಕಾರಂತರ ಹಾಡಿಗಿಂತ ಮನೆಯಲ್ಲಿ ಕುಳಿತು ಸೊಪ್ಪು ಸೋಸುವುದು ಮೇಲು. ಇದು ನನ್ನ ಅಭಿಪ್ರಾಯ, ಬದಲಾಗುವ ಲಕ್ಷಣ ಕಾಣುತ್ತಿಲ್ಲ.

ಹೋಗುವ ಮುನ್ನ ಎರಡು ದಿನ ಮನೆಪಾಠ ಬೇಕು. ಕಾರಂತರು ಬಂಟ್ವಾಳದ ಕಡೆಯ ಬಾಬುಕೋಡಿಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಂದು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಕಾಶಿಯಲ್ಲಿ ಹಿಂದಿ ಓದಿದರು, ಅಲ್ಲೇ ಓಂಕಾರನಾಥ ಠಾಕೂರರ ಬಳಿ ಹಿಂದುಸ್ತಾನಿ ಕಲಿತರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ವಿದ್ಯಾರ್ಥಿಯಾಗಿದ್ದವರು 1977ರಲ್ಲಿ ಅದರ ನಿರ್ದೇಶಕರೇ ಆದರು. ಆಮೇಲೆ ಭೋಪಾಲದ ರಂಗಮಂಡಲ ಎಂಬ ನಾಟಕ ತಂಡ, 1989ರಲ್ಲಿ ಮೈಸೂರಿನ ರಂಗಾಯಣ. ಈ ದಾರಿ ತಿಳಿದಿದ್ದರೆ ಹಾಡು ಕೇಳುವಾಗ ಉಪಯೋಗಕ್ಕೆ ಬರುತ್ತದೆ. ಒಂದೇ ಹಾಡಿನಲ್ಲಿ ಯಕ್ಷಗಾನದ ಏರುದನಿ, ಕಂಪನಿ ನಾಟಕದ ಬಳುಕು, ಕಾಶಿಯ ಆಲಾಪದ ಒಂದು ಎಳೆ ಇವೆಲ್ಲ ಹೇಗೆ ಒಟ್ಟಿಗೆ ಬಂದವು ಎಂದು ತಲೆ ಕೆರೆದುಕೊಳ್ಳಬೇಕಾಗುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಒಂದಾದರೂ ನಾಟಕವನ್ನು ಓದಿಕೊಂಡು ಹೋಗುವುದು. ಒಂದೇ ಎಂದರೆ ಗಿರೀಶ ಕಾರ್ನಾಡರ ‘ಹಯವದನ’. ಒಂದು ಸಂಜೆಗೆ ಓದಿ ಮುಗಿಸಬಹುದು. ಅದರ ‘ಬಂದಾನೋ ಬಂದ ಸವಾರ’ ಹಾಡಿಲ್ಲದೆ ಕಾರಂತರ ಸಂಜೆ ನಡೆದದ್ದನ್ನು ನಾನು ನೋಡಿಲ್ಲ. ಸುಮ್ಮನೆ ಕೇಳಿದರೆ ಕುದುರೆ ಸವಾರನೊಬ್ಬನ ಚೆಂದದ ಪದ, ಮಕ್ಕಳು ಕುಣಿಯುವಂಥದ್ದು. ನಾಟಕದಲ್ಲಿ ಅದನ್ನು ಮೊದಲು ಹಾಡುವವಳು ಪದ್ಮಿನಿ, ಮಗುವನ್ನು ಮಲಗಿಸಲು. ಗಂಡನ ತಲೆ ಗೆಳೆಯನ ಮೈಗೆ, ಗೆಳೆಯನ ತಲೆ ಗಂಡನ ಮೈಗೆ ಅದಲುಬದಲಾಗಿ, ತನಗೆ ಬೇಕಾದದ್ದು ಯಾವುದೆಂದು ಹೇಳಲಾರದೆ ಉಳಿದವಳು ಆಕೆ. ಕೊನೆಗೆ, ಆಕೆ ಚಿತೆಯೇರಿದ ಮೇಲೆ, ನಗುವುದನ್ನೇ ಅರಿಯದೆ ಬೆಳೆದ ಆ ಮಗು ಕುದುರೆಯ ಬೆನ್ನೇರಿ ಅದೇ ಹಾಡನ್ನು ಹಾಡುತ್ತದೆ. ಮಾತು ಅವೇ, ಬಾಯಿ ಬೇರೆ. ಇದು ತಿಳಿಯದೆ ನಾನು ಮೊದಲ ವರ್ಷ ಆ ಹಾಡಿಗೆ ತೊಡೆ ತಟ್ಟಿ ತಾಳ ಹಾಕಿದ್ದೆ. ಓದಿಕೊಂಡು ಹೋದ ವರ್ಷ ಕೈ ಏಳಲಿಲ್ಲ.

ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯ ಹಾಡುಗಳೂ ಬರಬಹುದು. 1972ರಲ್ಲಿ ಬೆಂಗಳೂರಿನ ಬಯಲು ರಂಗಮಂದಿರದಲ್ಲಿ ಕಾರಂತರು ಮೂರು ನಾಟಕಗಳನ್ನು ಆಡಿಸಿದ್ದರು, ಅವುಗಳಲ್ಲಿ ಇದೂ ಒಂದು. ಉತ್ತರ ಕರ್ನಾಟಕದ ಮಾತು ನಮ್ಮ ಮಂಡ್ಯದ ಕಿವಿಗೆ ಮೊದಲು ತುಸು ತೊಡಕೆನಿಸುತ್ತದೆ. ಗೌಡ, ಉಳುವವನು, ನೆಲ ಯಾರದು ಎಂಬ ಜಗಳ ನಮಗೆ ಹೊಸದೇನಲ್ಲವಾದ್ದರಿಂದ ಬೇಗ ಒಗ್ಗುತ್ತದೆ. ಇನ್ನು ಜಡಭರತರ ‘ಸತ್ತವರ ನೆರಳು’ ನಾಟಕದಲ್ಲಿ ದಾಸರ ಪದಗಳಿವೆ. ಭಜನಾ ಮಂಡಳಿಯವರು ಇಲ್ಲಿ ಸ್ವಲ್ಪ ಎಚ್ಚರದಿಂದಿರಿ. ನಿಮಗೆ ಪದ ಬಾಯಿಪಾಠವಾಗಿರುತ್ತದೆ, ಕೈ ತಾನಾಗಿ ತಾಳಕ್ಕೆ ಹೋಗುತ್ತದೆ. ಆದರೆ ನಾಟಕ ಮಠದೊಳಗಿನ ಕಥೆ, ಪದ ಬರುವುದು ಆ ಮಠದವರ ನಡತೆಯ ಪಕ್ಕದಲ್ಲಿ. ನಮ್ಮ ಮಂಡಳಿಯ ಇಬ್ಬರು ಹಿರಿಯರು ಕಣ್ಣು ಮುಚ್ಚಿ ಭಕ್ತಿಯಿಂದ ದನಿಗೂಡಿಸುತ್ತಿದ್ದಾಗ ಸುತ್ತಲಿನ ಜನ ನಗುತ್ತಿದ್ದರು. ನಗು ಪದಕ್ಕಲ್ಲ ಎಂದು ಅವರಿಗೆ ಒಪ್ಪಿಸಲು ಶ್ರೀರಂಗಪಟ್ಟಣ ದಾಟಬೇಕಾಯಿತು.

ಈಗ ಪ್ರಯಾಣದ ವಿಚಾರ. ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ರೈಲು ಒಳ್ಳೆಯದು. ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲೇ ರಂಗಾಯಣ ಇರುವುದರಿಂದ ರೈಲು ನಿಲ್ದಾಣದಿಂದ ಆಟೋದಲ್ಲಿ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆಟೋದವರಿಗೆ ರಂಗಾಯಣ ಎನ್ನುವುದಕ್ಕಿಂತ ಕಲಾಮಂದಿರ ಎಂದರೆ ಬೇಗ ತಿಳಿಯುತ್ತದೆ. ಕಾರ್ಯಕ್ರಮ ಕಲಾಮಂದಿರದ ದೊಡ್ಡ ಸಭಾಂಗಣದಲ್ಲೋ, ಭೂಮಿಗೀತದಲ್ಲೋ, ವನರಂಗದಲ್ಲೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಹೆಸರೇ ಹೇಳುವಂತೆ ವನರಂಗ ಮರಗಳ ನಡುವಿನ ಬಯಲು. ಅಲ್ಲಿಗಾದರೆ ಒಂದು ಶಾಲು, ಕೂರಲು ಮಡಚಿದ ಬೆಡ್‌ಶೀಟ್, ಸೊಳ್ಳೆಗೆ ಹಚ್ಚಿಕೊಳ್ಳುವ ಮುಲಾಮು ಬೇಕು. ಸೆಪ್ಟೆಂಬರ್ ಆದರೆ ದಾರಿಗೆ ಕೊಡೆಯೂ ಬೇಕು. ಆದರೆ ಹಾಡಿನ ನಡುವೆ ಮಳೆ ಬಂದಾಗ ಕೊಡೆ ಬಿಚ್ಚಿದರೆ ಹಿಂದಿನವರಿಗೆ ವೇದಿಕೆಯೇ ಕಾಣುವುದಿಲ್ಲ, ಆದ್ದರಿಂದ ತಲೆಗೆ ಟವೆಲ್ ಸಾಕು. ಬೇಗ ತಲುಪಿದಿರಾದರೆ ಕುಕ್ಕರಹಳ್ಳಿ ಕೆರೆ ಹತ್ತಿರದಲ್ಲೇ ಇದೆ. ಏರಿಯ ಮೇಲೆ ಒಂದಿಷ್ಟು ನಡೆಯಬಹುದು. ಪೂರ್ತಿ ಸುತ್ತು ಹಾಕಲು ಹೋಗಬೇಡಿ. ನಮ್ಮ ಭಾವನವರು ಸುತ್ತು ಮುಗಿಸಿ ಬಂದು, ಮೇಲೊಂದು ಮಸಾಲೆ ದೋಸೆ ತಿಂದು, ನಾಂದಿಯಿಂದ ಕೊನೆಯ ಹಾಡಿನವರೆಗೂ ತೂಕಡಿಸಿದರು.

ಜಾಗ ಹಿಡಿಯುವುದಕ್ಕೂ ಒಂದು ಲೆಕ್ಕವಿದೆ. ಒಳಗೆ ಹೋದ ತಕ್ಷಣ ಹಾರ್ಮೋನಿಯಂ ಎಲ್ಲಿದೆ ನೋಡಿ. ಅದು ಎಡಕ್ಕಿದ್ದರೆ ನೀವು ಬಲಕ್ಕೆ ಕುಳಿತುಕೊಳ್ಳಿ. ಹತ್ತಿರ ಕುಳಿತರೆ ಬೆನ್ನು ಮಾತ್ರ ಕಾಣುತ್ತದೆ. ಎದುರು ಬದಿಯಿಂದಾದರೆ ನುಡಿಸುವವರ ಕೈ, ಅವರು ಮೇಳದವರ ಕಡೆ ಹಾಯಿಸುವ ಕಣ್ಣು ಎರಡೂ ಕಾಣುತ್ತವೆ. ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಆ ಕಣ್ಣಿನಲ್ಲೇ ನಡೆಯುತ್ತದೆ. ನಮ್ಮ ತಂದೆ ‘ಪೇಟಿ ನುಡಿಸುವವನಿಗೆ ಬೆರಳು ಹತ್ತು, ಕಣ್ಣು ಇಪ್ಪತ್ತು’ ಎನ್ನುತ್ತಿದ್ದರು. ಸ್ಪೀಕರ್ ಪೆಟ್ಟಿಗೆಯ ಮುಂದೆ ಮಾತ್ರ ಕೂರಬೇಡಿ. ಒಂದು ವರ್ಷ, ಎಲ್ಲಿ ಎಂದು ಹೇಳುವುದಿಲ್ಲ, ಧ್ವನಿವರ್ಧಕದವರು ಮುಖ್ಯ ಗಾಯಕರ ಮೈಕನ್ನು ಎಷ್ಟು ಏರಿಸಿದ್ದರೆಂದರೆ ಹಿಂದೆ ನಿಂತ ಹನ್ನೆರಡು ಮಂದಿಯ ಬಾಯಿ ಬರೀ ಆಡುತ್ತಿತ್ತು. ಕಾರಂತರ ಹಾಡಿನಲ್ಲಿ ಆ ಹನ್ನೆರಡು ಮಂದಿಯೇ ಊರು. ಊರಿಲ್ಲದ ಮೇಲೆ ಗೌಡನೆಲ್ಲಿ?

ಕೇಳುವ ಬಗೆಗೆ ಬರೋಣ. ಶಾಸ್ತ್ರೀಯ ಕಚೇರಿಯಲ್ಲಿ ಕಣ್ಣು ಮುಚ್ಚಿ ಕೇಳುವುದು ಮರ್ಯಾದೆ. ಇಲ್ಲಿ ತೆರೆದಿರಬೇಕು. ಹಾಡುವವರು ನಟರು, ಅವರ ಹುಬ್ಬು, ಹೆಗಲು, ಹಿಂದಕ್ಕಿಟ್ಟ ಒಂದು ಹೆಜ್ಜೆ ಎಲ್ಲವೂ ಹಾಡಿಗೆ ಸೇರಿದ್ದೇ. ಯಾರದಾದರೂ ದನಿ ಒಡೆದರೆ ‘ಶ್ರುತಿ ತಪ್ಪಿತು’ ಎಂದು ಪಕ್ಕದವರಿಗೆ ಹೇಳುವ ಆತುರ ಬೇಡ. ಒಡೆಯಬೇಕಾದ ಜಾಗವಾಗಿರಬಹುದು. ತಾಳವನ್ನೂ ಎಣಿಸಬೇಡಿ, ಸಾಲಿನ ನಡುವೆ ಹಾಡು ಮಾತಾಗಿಬಿಡುತ್ತದೆ, ನಿಮ್ಮ ಕೈ ಗಾಳಿಯಲ್ಲಿ ಉಳಿಯುತ್ತದೆ. ಎರಡು ಕಲ್ಲು ಕುಟ್ಟಿದ ಸದ್ದು, ಬಿದಿರು, ಗೆಜ್ಜೆ, ಎಲ್ಲರೂ ಒಟ್ಟಾಗಿ ಬಿಟ್ಟ ಉಸಿರು ಇವೂ ವಾದ್ಯಗಳೇ. ಕಾರಂತರ ಚಲನಚಿತ್ರ ‘ಚೋಮನ ದುಡಿ’ ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ಚೋಮ ಬಾಯಲ್ಲಿ ಹೇಳಲಾರದ್ದನ್ನೆಲ್ಲ ಆ ದುಡಿಗೆ ಹೇಳುತ್ತಾನೆ.

ಎಕ್ಸ್‌ಚೇಂಜಿನಲ್ಲಿ ಕಲಿತ ಒಂದು ಉಪಾಯ ಹೇಳಿಕೊಡುತ್ತೇನೆ. ಹತ್ತು ಲೈನುಗಳ ಗದ್ದಲದಲ್ಲಿ ಒಂದನ್ನೇ ಹಿಡಿದು ಕೇಳುವ ಅಭ್ಯಾಸ ನಮಗಿತ್ತು. ಇಡೀ ಸಂಜೆಯಲ್ಲಿ ಒಂದು ಹಾಡಿಗೆ ಹಾಗೆ ಮಾಡಿ. ಮೇಳದಲ್ಲಿ ಕೊನೆಗೆ ನಿಂತಿರುವ ಒಬ್ಬರನ್ನು ಆರಿಸಿಕೊಂಡು ಹಾಡು ಮುಗಿಯುವವರೆಗೆ ಅವರನ್ನೇ ನೋಡಿ, ಅವರನ್ನೇ ಕೇಳಿ. ಕಳೆದ ಸಲ ನಾನು ಆರಿಸಿಕೊಂಡದ್ದು ದಪ್ಪ ಕನ್ನಡಕದ ಒಬ್ಬ ಹುಡುಗಿಯನ್ನು. ಮುಖ್ಯ ಗಾಯಕರು ನಗುವ ಸಾಲು ಹಾಡುತ್ತಿದ್ದಾಗ ಅವಳು ಮಾತ್ರ ನಗದೆ, ಆ ಸಾಲನ್ನು ನಂಬದವಳ ಹಾಗೆ ದನಿ ತಗ್ಗಿಸಿ ಹಾಡುತ್ತಿದ್ದಳು. ಮುಂದಿನ ಚರಣದಲ್ಲಿ ಅವಳ ಅನುಮಾನವೇ ನಿಜವಾಯಿತು.

ಮಕ್ಕಳನ್ನು ಕರೆದುಕೊಂಡು ಹೋಗಿ. ಕಾರಂತರು ಮಕ್ಕಳಿಗಾಗಿ ಮಾಡಿಸಿದ ‘ಪಂಜರಶಾಲೆ’ಯ ಹಾಡು ಬಂದರೆ ಅವರಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಗಿಳಿಗೆ ಪಾಠ ತುರುಕುವ ಕಥೆ ಈಗಿನ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೊಬೈಲ್ ಆರಿಸಿಡಿ. ವಿಡಿಯೋ ಮಾಡಿಕೊಂಡು ಮನೆಯಲ್ಲಿ ನೋಡುತ್ತೇನೆ ಎನ್ನುವವರು ಮನೆಯಲ್ಲಿ ನೋಡುವುದಿಲ್ಲ, ಇದು ನನ್ನ ತಂಗಿಯ ಮೊಬೈಲ್ ನೋಡಿ ಹೇಳುತ್ತಿರುವ ಮಾತು. ನಿರೂಪಕರು ಪ್ರತಿ ಹಾಡಿನ ಮುಂದೆ ಹತ್ತು ನಿಮಿಷ ಉಪನ್ಯಾಸ ಕೊಟ್ಟರೆ ಸಹಿಸಿಕೊಳ್ಳಿ, ಬೇರೆ ದಾರಿಯಿಲ್ಲ. ಚಪ್ಪಾಳೆ ಮಾತ್ರ ತಡವಾಗಿ ತಟ್ಟಿ. ಹಾಡು ನಿಂತ ಮೇಲೆ ಮನಸ್ಸಿನಲ್ಲಿ ಮೂರು ಎಣಿಸಿ, ಆಗಲೂ ಮತ್ತೆ ಶುರುವಾಗದಿದ್ದರೆ ತಟ್ಟಬಹುದು.

ಹಿಂತಿರುಗುವ ರೈಲಿನ ಸಮಯವನ್ನು ಹೋಗುವಾಗಲೇ ನೋಡಿ ಕೈ ಮೇಲಾದರೂ ಬರೆದುಕೊಳ್ಳಿ. ಒಂದು ಸಲ ಕೊನೆಯ ಹಾಡಿಗೆಂದು ಕುಳಿತು ರೈಲು ತಪ್ಪಿಸಿಕೊಂಡು, ಬಸ್ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಒಂದು ಗಂಟೆ ಕಾದಿದ್ದೇನೆ. ಅದಕ್ಕಾಗಿ ಕೊನೆಯ ಹಾಡಿನ ಹೊತ್ತಿಗೆ ಎದ್ದು ಬನ್ನಿ ಎಂದು ಹೇಳುತ್ತಿಲ್ಲ. ಬಸ್ಸು ಸಿಗುತ್ತದೆ. ಸಭಾಂಗಣದಲ್ಲಿ ಕೊಟ್ಟ ಹಾಡುಗಳ ಪಟ್ಟಿಯನ್ನು ಮಡಚಿ ಬಿಸಾಡದೆ, ಯಾವ ಹಾಡು ಯಾವ ನಾಟಕದ್ದು, ಯಾರ ಬಾಯಿಂದ ಬಂದದ್ದು ಎಂದು ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಪಾಂಡವಪುರ ಬರುವುದರೊಳಗೆ ಮುಗಿಸಿ. ಅಲ್ಲಿಂದಾಚೆಗೆ ಕಣ್ಣು ಎಳೆಯುತ್ತದೆ, ಮಂಡ್ಯ ಬಂದದ್ದೂ ಗೊತ್ತಾಗುವುದಿಲ್ಲ.